ಕರಿಹಲಗೆಯ ಮೇಲಿನ ಅರ್ಧ

ಎಂಬತ್ತರ ದಶಕದ ಕೊನೆಯಲ್ಲಿ, ರಾಯಬಾಗದ ಹತ್ತಿರದ ಒಂದು ಹೈಸ್ಕೂಲಿನಲ್ಲಿ, ನಾನು ಆರು ತಿಂಗಳು ಕರಿಹಲಗೆಯ ಕೆಳಗಿನ ಅರ್ಧದಲ್ಲೇ ಗಣಿತ ಕಲಿಸಿದೆ. ಹಿಂದಿನ ಬೆಂಚಿನವರಿಗೆ ಮುಂದಿನವರ ತಲೆ ಕಾಣುತ್ತಿತ್ತು, ಲೆಕ್ಕ ಕಾಣುತ್ತಿರಲಿಲ್ಲ. ಬೇರೆ ಮಾಸ್ತರರು ಮೇಲೆ ಬರೆದ ದಿನಾಂಕ ಮೂರು ಮೂರು ದಿನ ಹಾಗೇ ಉಳಿಯುತ್ತಿತ್ತು.

ಕರೋಶಿ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ ಸೈಕಲ್ಲಿನಿಂದ ಬಿದ್ದಿದ್ದೆ. ಬಲಭುಜದ ಕೀಲು ಜಾರಿತ್ತು. ಎಲುಬು ಕೂಡಿಸುವ ಅಜ್ಜ ಅದನ್ನು ಕೂಡಿಸಿ, ಕೈಯನ್ನು ಎದೆಗೆ ಬಿಗಿದು ಕಟ್ಟಿ, "ಅಲ್ಲಾಡಿಸಿದ್ರ ಮತ್ತ ಜಾರತೈತಿ ನೋಡ್ರಿ ಮಾಸ್ತರ" ಎಂದಿದ್ದ. ಕಟ್ಟು ಬಿಚ್ಚಿದರೂ ಆ ಮಾತು ನನ್ನನ್ನು ಬಿಡಲಿಲ್ಲ. ಚಿಕ್ಕೋಡಿಯ ಡಾಕ್ಟರು ಎಕ್ಸ್‌ರೇ ನೋಡಿ, ಎಲುಬು ಸರಿ ಇದೆ, ಕೈ ಆಡಿಸಿ ಎಂದರು. ಹೇಳುವುದಕ್ಕೇನು! ಅಂಗಿಯ ತೋಳಿಗೆ ಕೈ ತೂರಿಸುವುದಕ್ಕೂ ನನಗೆ ಜೀವ ಬಾಯಿಗೆ ಬರುತ್ತಿತ್ತು.

ಹೆಡ್‌ಮಾಸ್ತರರು ದೊಡ್ಡ ಕಬ್ಬಿನ ಮನೆತನದವರು. ಊರ ಹೊರಗಿನ ಓಣಿಯಲ್ಲಿ ಹುಟ್ಟಿದ ನಾನು ಹತ್ತನೇ ಇಯತ್ತೆಗೆ ಗಣಿತ ಕಲಿಸುವುದು ಅವರಿಗೆ ಮೊದಲಿನಿಂದಲೂ ಸೇರುತ್ತಿರಲಿಲ್ಲ. "ದಸರಾ ಸೂಟಿ ಮುಗಿಯೂದ್ರಾಗ ಕೈ ಸರಿ ಮಾಡ್ಕೋರಿ. ಇಲ್ಲಂದ್ರ ಹತ್ತನೇತ್ತಾ ಬ್ಯಾರೇದವರಿಗೆ ಕೊಡ್ತೀನಿ" ಎಂದರು. ನಾನು ಓದಿದ್ದೇ ಆ ತರಗತಿಯ ಮುಂದೆ ನಿಲ್ಲಲು.

ಸೂಟಿಗೆ ಮಂಗಸೂಳಿ ಹತ್ತಿರದ ನಮ್ಮೂರಿಗೆ ಹೋದೆ. ಅವ್ವ ದ್ರಾಕ್ಷಿ ತೋಟದಲ್ಲಿ ದುಡಿದವಳು. ಚಪ್ಪರದ ಕೆಳಗೆ ದಿನವಿಡೀ ಕೈ ಮೇಲೆತ್ತಿ ಗೊಂಚಲಿನ ಸಣ್ಣ ಕಾಯಿ ತೆಗೆಯುವ ಕೆಲಸ. ಓಣಿಯ ಬುದ್ಧ ವಿಹಾರದಲ್ಲಿ ಉಸಿರು ನೋಡುತ್ತ ಕೂರುವುದನ್ನು ಕಲಿತಿದ್ದಳು.

"ಕೈ ಎತ್ತಬ್ಯಾಡ ತಮ್ಮಾ. ಉಸರು ನೋಡು. ಹೆದರಿಕಿ ಬಂತಂದ್ರ ಅದನ್ನೂ ನೋಡು, ಓಡಸಬ್ಯಾಡ."

"ಡಾಕ್ಟರ್ ಕಡೆ ಆಗಲಾರದ್ದು ಉಸರಿಂದ ಆಗತೈತೇನ್ ಬೇ?"

"ನಂದು ಆಗಿತ್ತಲ್ಲ" ಎಂದಳು. ಯಾವಾಗ ಎಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು.

ಸಿಟ್ಟಿನಲ್ಲೇ ಕೂತೆ. ನಾಲ್ಕೈದು ದಿನವಾದ ಮೇಲೆ ಒಂದು ವಿಷಯ ಕಂಡಿತು. ಕೈ ಇನ್ನೂ ಎದೆಮಟ್ಟಕ್ಕೆ ಬಂದಿರುವುದಿಲ್ಲ, ನೋವು ಶುರುವಾಗಿರುವುದಿಲ್ಲ, ಅಷ್ಟರಲ್ಲೇ ನನ್ನ ಉಸಿರು ಕಟ್ಟುತ್ತಿತ್ತು, ಹಲ್ಲು ಕಚ್ಚಿಕೊಳ್ಳುತ್ತಿದ್ದೆ. ನೋವು ಸುಳ್ಳಲ್ಲ. ಆದರೆ ಹೆದರಿಕೆ ಅದಕ್ಕಿಂತ ಮುಂಚೆ ಬಂದು ಕೂತಿರುತ್ತಿತ್ತು. ಉಸಿರು ಬಿಡುತ್ತ ದಿನಕ್ಕೆ ಒಂದೆರಡು ಬೆರಳಿನಷ್ಟು ಎತ್ತಿದೆ. ಸೂಟಿ ಮುಗಿಯುವಾಗ ಕೈ ಬಾಗಿಲ ಚೌಕಟ್ಟಿನ ಮೇಲಿನ ಪಟ್ಟಿ ಮುಟ್ಟಿತು. ನೋವು ಇನ್ನೂ ಇತ್ತು. ಅವ್ವ ಒಮ್ಮೆ ನೋಡಿ, ಜೋಳದಲ್ಲಿನ ಹರಳು ಆರಿಸುವುದನ್ನು ಮುಂದುವರಿಸಿದಳು.

ಶಾಲೆ ಶುರುವಾದ ದಿನ ಹಲಗೆಯ ಮೇಲ್ತುದಿಯಲ್ಲಿ ದಿನಾಂಕ ಬರೆದೆ. ಬೆನ್ನೆಲ್ಲ ಬೆವರು. ತಿರುಗಿದರೆ ಬಾಗಿಲಲ್ಲಿ ಹೆಡ್‌ಮಾಸ್ತರರು. ಹೇಗೆ ಗುಣವಾಯಿತೆಂದು ಕೇಳಿದರು. ಮೂರ್ಖ ನಾನು, ಇದ್ದದ್ದು ಇದ್ದ ಹಾಗೆ ಹೇಳಿದೆ.

ಮಧ್ಯಾಹ್ನ ಎಲ್ಲ ಶಿಕ್ಷಕರ ಎದುರು ಅವರು ನಕ್ಕರು. "ಕೇಳಿದ್ರೇನು, ಉಸರು ನೋಡಿದ್ರಂತ, ಬ್ಯಾನಿ ಹೋತಂತ! ಇವರಿಗೆ ಏನೂ ಆಗಿರ್ಲಿಲ್ಲರಿ. ಆರು ತಿಂಗಳ ನಾಟಕ ಮಾಡಿದವರ ಕೈಯಾಗ ಹತ್ತನೇತ್ತಾ ಹೆಂಗ ಕೊಡೂದು?"

ತರಗತಿ ಹೋಯಿತು. ಕೈ ಏಳದಿದ್ದರೂ ಹೋಗುತ್ತಿತ್ತು, ಎದ್ದದ್ದಕ್ಕೂ ಹೋಯಿತು. ಅವರ ಮುಖಕ್ಕೆ ಹೇಳಲು ಮಾತು ಬೇಕಾದಷ್ಟಿದ್ದವು, ನಾಲಿಗೆ ಹೊರಳಲಿಲ್ಲ. ಯಾಕೆಂದರೆ ನಾನು ಬಿ.ಎಡ್. ಓದುವಾಗ, ಒಂದು ಸೂಟಿಯಲ್ಲಿ, ಅವ್ವ ಗೋಡೆಗೆ ಒರಗಿ "ಕೈ ಏಳವಲ್ದು ತಮ್ಮಾ" ಎಂದಿದ್ದಳು. ಪುಸ್ತಕದಿಂದ ತಲೆ ಎತ್ತದೆ ನಾನೂ ಅದನ್ನೇ ಹೇಳಿದ್ದೆ: "ನಿನಗ ಏನೂ ಆಗಿಲ್ಲ."

ಮರುದಿನ ಬೆಳಿಗ್ಗೆ ಅವಳು ಎಡಗೈಯಿಂದ ಬಲಗೈ ಹಿಡಿದುಕೊಂಡು ದ್ರಾಕ್ಷಿ ತೋಟಕ್ಕೆ ಹೋಗಿದ್ದಳು.