ಬೀರುವಿಗೂ ಸ್ನಾನ ಮಾಡಿಸಿದ ಅತ್ತೆ

'ಲೇ, ಬೀರು ಮೈಯೆಲ್ಲಾ ಬೊಬ್ಬೆ ಎದ್ದದೆ ಕಣ್ಲಾ! ಬಿರ್‍ನೆ ಬಾ!'

ಆಯುಧಪೂಜೆಯ ಬೆಳಿಗ್ಗೆ ಮಳವಳ್ಳಿಯಿಂದ ಅಕ್ಕನ ಫೋನು. ಬೀರುವಿಗೆ ಬೊಬ್ಬೆಯೇ?

ನಿಮಗೆ ಗೊತ್ತಲ್ಲ, ನಮ್ಮ ಕಡೆ ಪೂಜೆ ಅಂದರೆ ಮೊದಲು ನೀರು. ಟ್ರ್ಯಾಕ್ಟರ್, ಬೈಕು, ಮಚ್ಚು, ಮಿಕ್ಸಿ (ಹೌದು, ಮಿಕ್ಸಿಗೂ) ಎಲ್ಲಕ್ಕೂ ಸ್ನಾನ. ಹಿಂದಿನ ದಿನ ಅದೇ ಹುರುಪಿನಲ್ಲಿ ಅಕ್ಕ ತನ್ನ ಸೊಸೆ ಸುಮಾ ತವರಿನಿಂದ ತಂದ ಮರದ ಬೀರುವಿಗೂ ಬಿಂದಿಗೆಗಟ್ಟಲೆ ನೀರು ಸುರಿದು, ತೆಂಗಿನ ನಾರಿನಲ್ಲಿ ತಿಕ್ಕಿದ್ದಾಳೆ. ಪ್ರೀತಿಯಿಂದಲೇ! ಸುಮಾ ಬಸರಾಳಿನ ತವರಿಗೆ ಹೋಗಿದ್ದಳು. ಪೂಜೆಯ ದಿನ ಮಧ್ಯಾಹ್ನ ವಾಪಸ್ ಬರುವವಳು.

'ಅವ್ರಪ್ಪ ಕೊಡ್ಸಿದ್ದು. ಅತ್ತೆ ಬೇಕಂತ್ಲೇ ಕೆಡುಸ್ಬುಟ್ಲು ಅಂದ್ಕಂಡ್ರೆ ಏನ್ಲಾ ಮಾಡ್ಲಿ?' ಅಕ್ಕ ಅಳುತ್ತಿದ್ದಳು.

ಮದ್ದೂರಿನ ಪರಿಚಯದ ಆಚಾರಿಯನ್ನು ಬೈಕಿಗೆ ಹತ್ತಿಸಿಕೊಂಡು ಹೋದೆ. ಆಚಾರಿ ಬೀರು ಕುಟ್ಟಿ ನೋಡಿದರು.

'ಇದು ಗಟ್ಟಿ ತೇಗ ಅಲ್ಲ ಕಣವ್ವಾ. ಪ್ಲೈವುಡ್ ಮ್ಯಾಲೆ ತೇಗದ ವಿನೀರು. ಪೂಜೆಗಿಟ್ಟ ಉಳಿ ಇವತ್ತು ನಾನು ಮುಟ್ಟಕಿಲ್ಲ. ಇಸ್ತ್ರಿ ಪೆಟ್ಗೆ ಕೊಡು.'

ವಿನೀರ್ ಅಂದರೆ ದಿಮ್ಮಿಯಿಂದ ಕಾಗದದಷ್ಟು ತೆಳ್ಳಗೆ ಸೀಳಿದ ಹಾಳೆ. ಪ್ಲೈವುಡ್ ಮೇಲೆ ಅಂಟಿಸುತ್ತಾರೆ. ಅದರಲ್ಲಿ ಮೋಸವೇನು ಬಂತು? ಒಂದೇ ಮರ ಎಷ್ಟೋ ಮನೆಗಳಿಗೆ ಅಂದ ಕೊಡುತ್ತದೆ. ಆದರೆ ಮದುವೆಯಲ್ಲಿ ಬೀಗರು 'ಗಟ್ಟಿ ತೇಗ' ಎಂದಿದ್ದರು. ನಮ್ಮ ಭಾವ ಊರಿಗೆಲ್ಲ ಅದನ್ನೇ ಸಾರಿದ್ದರು.

ಹಳೇ ಪಂಚೆ ಹಾಸಿ, ಆಚಾರಿ ಹೇಳಿದಂತೆ ಅಕ್ಕ ಬೀರುವಿಗೆ ಇಸ್ತ್ರಿ ಹಾಕುತ್ತಿದ್ದಳು. ಅಂಟು ಕರಗಿ ಬೊಬ್ಬೆಗಳು ಕೂರುತ್ತಿದ್ದವು. ಅಷ್ಟರಲ್ಲಿ ಬಾಗಿಲಲ್ಲಿ ಸುಮಾ!

'ನಾನೇ ಕಣಮ್ಮ ನೀರು ಉಯ್ದಿದ್ದು. ಬೈದ್ಬುಡು' ಎಂದಳು ಅಕ್ಕ.

ಸುಮಾ ಬೈಯಲಿಲ್ಲ. ಕಿತ್ತುಬಂದ ಮೂಲೆಯಲ್ಲಿ ಪ್ಲೈವುಡ್ ಕಾಣುತ್ತಿತ್ತು. ಅದನ್ನು ನೋಡಿ ಅವಳ ಮುಖ ಬಿಳಿಚಿಕೊಂಡಿತು. 'ಅಪ್ಪನ ಕೈಲಿ ಇಷ್ಟೇ ಆಗಿದ್ದು ಅತ್ತೆ. ಮಾವಂಗೆ ಮಾತ್ರ ಏಳ್ಬ್ಯಾಡಿ' ಎಂದು ಅತ್ತಳು.

ಹೊರಗೆ ಟ್ರ್ಯಾಕ್ಟರಿಗೆ ಹಾರ ಕಟ್ಟುತ್ತಿದ್ದ ಭಾವ ಒಳಗೆ ಬಂದರು. 'ಏನಿದು? ತೇಗ ಎಲ್ಲಾರ ಇಂಗೆ ಉಬ್ತದಾ?'

ಅಕ್ಕ ಆ ಮೂಲೆಗೆ ಅಡ್ಡ ನಿಂತಳು. 'ನನ್ನ ಸೊಸೆ ತಂದಿರೋದು ಗಟ್ಟಿ ತೇಗವೇಯ. ನಾನು ಉಯ್ದ ನೀರಿಗೆ ಕಬ್ಬಿಣನೂ ಉಬ್ತದೆ. ಓಗಿ, ನಿಮ್ಮ ಟ್ರ್ಯಾಕ್ಟ್ರು ನೋಡ್ಕಳಿ!'

ಭಾವ ಮತ್ತೆ ಹಾರ ಕಟ್ಟಲು ಹೊರಟರು. ಆಚಾರಿ ತಾವೇ ಇಸ್ತ್ರಿ ಪೆಟ್ಟಿಗೆ ತೆಗೆದುಕೊಂಡು ಆ ಮೂಲೆಯನ್ನು ಒತ್ತಿ ಕೂರಿಸಿದರು.

ದಿನಾ ಸಂಜೆ ಸೊಸೆಯ ಹಾಲಿಗೆ ವಿಷ ಬೆರೆಸುವ ಅತ್ತೆಯನ್ನೇ ತೋರಿಸುವ ಸೀರಿಯಲ್‌ನವರೇ, ನಮ್ಮಕ್ಕನಂಥವಳು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲವೇ?