ಕೆನೆಬಣ್ಣದ ಕಾರಿನ ಒಳ ಅಂಚು

ಅಪ್ಪ ತೀರಿಕೊಂಡ ಮೂರನೆಯ ತಿಂಗಳು ಅವರ ಕಾರು ಅಕ್ಕಲಕೋಟೆಯಿಂದ ಸೊಲ್ಲಾಪುರದ ನಮ್ಮ ಮನೆಗೆ ಬಂತು. ಎಪ್ಪತ್ತರ ದಶಕದ ನಡುವಿನ ಮಾತು. ಕೀಲಿಕೈ ಕೊಡುವಾಗ ಅವ್ವ ನನ್ನ ಯಜಮಾನರಿಗೆ ಹೇಳಿದ್ದು ಇಷ್ಟೇ: “ನಡಸ್ರಿ, ಮಾಲು ಹೇರ್ರಿ, ಏನರೆ ಮಾಡ್ರಿ. ಬಣ್ಣಾ ಒಂದು ಬದಲಿ ಮಾಡಬ್ಯಾಡ್ರಿ. ಅವರು ದಿನಾ ಒರಸ್ತಿದ್ರು.”

ನಮ್ಮದು ಟಾವೆಲ್ ವ್ಯಾಪಾರ. ನವಿ ಪೇಠದಲ್ಲಿ ಅಂಗಡಿ, ಮನೆಯ ಹಿಂದೆ ನಾಲ್ಕು ಮಗ್ಗ. ಯಜಮಾನರು ಕಾರಿನ ಹಿಂದಿನ ಸೀಟಿನ ಮೇಲೆ ಗಂಟುಗಳನ್ನು ಹೇರಿಕೊಂಡು ದುಧನಿಯ ಸಂತೆಗೆ ಹೋಗತೊಡಗಿದರು. ಭಾರಕ್ಕೆ ಕಾರು ಕುಗ್ಗಿ, ಹಿಂದಿನ ಟೈರುಗಳು ಮಡ್‌ಗಾರ್ಡಿನ ಒಳಗಿನ ತಗಡಿನ ಅಂಚಿಗೆ ಉಜ್ಜತೊಡಗಿದವು. ಒಂದು ಟೈರು ಹರಿದೇ ಹೋಯಿತು. ಗ್ಯಾರೇಜಿನ ಮೇಸ್ತ್ರಿ ನೋಡಿ, “ಅಂಚು ಬಡದು ಒಳಗ ಮಡಚಬೇಕ್ರಿ. ಬಣ್ಣ ಉದರತದ. ಇಡೀ ಗಾಡೀಗೆ ನೀಲಿ ಹೊಡದಬಿಡೂಣು, ಝಕ್ಕಾಸ್ ಕಾಣತದ” ಎಂದನಂತೆ.

“ಮನ್ಯಾಗ ಮಾಡೂಣು,” ಎಂದರು ಯಜಮಾನರು. “ಬಣ್ಣ ಕೆಡ್ತು ಅಂದ್ರ ಮಾತ್ರ ನೀಲಿ. ನಡೀತದಲ್ಲ?”

“ಹೂಂ,” ಎಂದೆ. ಆ ತಿಂಗಳುಗಳಲ್ಲಿ ಯಾರು ಏನು ಕೇಳಿದರೂ ಹೂಂ ಎನ್ನುತ್ತಿದ್ದೆ.

ಅವರಿಗೆ ಯಾರೋ ಲಾರಿ ಡ್ರೈವರ್ ಹೇಳಿಕೊಟ್ಟ ಉಪಾಯ ಅದು. ತಣ್ಣಗಿರುವ ಬಣ್ಣ ಒಡೆಯುತ್ತದೆ, ಬೆಚ್ಚಗಿದ್ದರೆ ತಗಡಿನ ಜೊತೆ ಬಾಗುತ್ತದೆ. ಹಳೆಯ ಮಗ್ಗದಲ್ಲಿ ಬಟ್ಟೆ ಸುತ್ತುವ ದುಂಡನೆಯ ಮರದ ರೂಲಿಗೆ ಗೋಣಿತಟ್ಟು ಸುತ್ತಿ ಟೈರಿಗೂ ಅಂಚಿಗೂ ನಡುವೆ ತೂರಿಸುವುದು. ಇಬ್ಬರು ಕಾರನ್ನು ಗೇಣು ಗೇಣಾಗಿ ಹಿಂದಕ್ಕೂ ಮುಂದಕ್ಕೂ ದಬ್ಬುವುದು. ಟೈರಿನ ಮೇಲೆ ರೂಲು ಉರುಳುತ್ತ ಅಂಚನ್ನು ಮೇಲಕ್ಕೆ, ಒಳಕ್ಕೆ ಒತ್ತುತ್ತದೆ. ಒಂದೇ ಸಲಕ್ಕೆ ಪೂರ್ತಿ ಮಡಚಬಾರದು.

ಭಾನುವಾರ ನಾನು ಹಳೆಯ ಚಾಕುವಿನಿಂದ ಅಂಚಿನ ಒಳಗಿನ ಕೆಸರನ್ನು ಕೆರೆದು ತೆಗೆದೆ. ಅಕ್ಕಲಕೋಟೆಯ ಹೊಲದ ಕರಿಮಣ್ಣು ಹೆಂಟೆ ಹೆಂಟೆಯಾಗಿ ಬಿತ್ತು. ಗುಡಿಸಿ ಹಾಕಿದೆ. ಆಮೇಲೆ ಹಂಡೆಯ ಕುದಿನೀರಿನಲ್ಲಿ ಟಾವೆಲ್ ಅದ್ದಿ, ಹಿಂಡಿ, ಬಲಗಡೆಯ ಮಡ್‌ಗಾರ್ಡಿನ ಮೇಲೆ ಹಾಸುವುದು ನನ್ನ ಕೆಲಸ.

“ಬಿಸಿ ಹಿಡದದೇನು ನೋಡು,” ಎಂದರು ಯಜಮಾನರು.

ಮಗುವಿನ ಜ್ವರ ನೋಡುವಂತೆ ಕೈಯ ಹಿಂಬದಿಯಿಂದ ಮುಟ್ಟಿದೆ. “ಹಿಡದದರಿ.”

“ದಬ್ಬರಿ! ಸಾವಕಾಶ... ಥಾಂಬ್, ಥಾಂಬ್, ನಿಲ್ಲಸ್ರಿ!”

ದಬ್ಬುತ್ತಿದ್ದವರು ನಮ್ಮ ಮಗ್ಗದ ಇಬ್ಬರು ಕೆಲಸಗಾರರು. ಅತ್ತೆ ಕಟ್ಟೆಯ ಮೇಲೆ ಕುಳಿತು ಜೋಳ ಹಸನು ಮಾಡುತ್ತಿದ್ದರು. “ಒಂದು ಚಪಾತಿ ಲಟ್ಟಿಸಿದಾಂವ ಅಲ್ಲ ನನ್ನ ಮಗ. ಇವತ್ತ ಕಾರ ಲಟ್ಟಸಾಕತ್ತಾನ ನೋಡವಾ.”

ನಾಲ್ಕು ಸಲ ಹೋಗಿ ಬಂದ ಮೇಲೆ ಅಂಚು ಸೆರಗಿನ ಮಡಿಕೆಯಂತೆ ಒಳಗೆ ಮಲಗಿತು. ಯಜಮಾನರು ಬ್ಯಾಟರಿ ಹಿಡಿದು ಪೂರ್ತಿ ನೋಡಿದರು. ಎಲ್ಲಿಯೂ ಕೂದಲೆಳೆಯಷ್ಟೂ ಬಿರುಕು ಇರಲಿಲ್ಲ. “ಶಾಬ್ಬಾಸ್!” ಎಂದರು.

ನಾನು ಟಾವೆಲ್ ಎತ್ತಿದೆ. ಕೆಳಗೆ ಕೆನೆಬಣ್ಣ ಗುಲಾಬಿಯಾಗಿತ್ತು.

ಕೈಗೆ ಸಿಕ್ಕ ಗಂಟಿನಿಂದ ಕೆಂಪು ಪಟ್ಟೆಯ ಹೊಸ ಟಾವೆಲ್ಲುಗಳನ್ನೇ ಎಳೆದುಕೊಂಡಿದ್ದೆ. ಒಮ್ಮೆಯೂ ನೀರು ಕಾಣದ ಮಾಲು. ಹೊಸ ಬಣ್ಣದ ಬಟ್ಟೆಯ ಮೂಲೆಯನ್ನು ಒದ್ದೆ ಮಾಡಿ ಬಿಳಿ ಚಿಂದಿಗೆ ಒತ್ತಿ ನೋಡಬೇಕೆಂದು ಕಾನ್ವೆಂಟಿನ ಹೊಲಿಗೆ ತರಗತಿಯಲ್ಲಿ ಸಿಸ್ಟರ್ ಕಲಿಸಿದ್ದರು. ಬಣ್ಣ ಬಿಡುವ ಟಾವೆಲ್ ಯಾವುದೆಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅಷ್ಟು ಹೊತ್ತು ಅದ್ದಿ ಹಿಂಡಿದ್ದೆ. ನನ್ನ ಬೆರಳುಗಳೂ ಕೆಂಪಾಗಿದ್ದವು. ಕಂಡಿರಲಿಲ್ಲ.

“ಅಯ್ಯ, ಕಾರಿಗೆ ರಂಗಪಂಚಮಿ ಆಡಿಸಿದ್ರೇನು?” ಎಂದರು ಅತ್ತೆ. ಕೆಲಸಗಾರರು ನಕ್ಕು, ನನ್ನ ಮುಖ ನೋಡಿ ರೂಲನ್ನು ಎತ್ತಿ ಡಿಕ್ಕಿಯಲ್ಲಿಟ್ಟರು. ಯಜಮಾನರು ಸೀಮೆಎಣ್ಣೆ ಹಚ್ಚಿ ಉಜ್ಜಿದರು. ತಿಳಿಯಾಯಿತು, ಹೋಗಲಿಲ್ಲ. ಎಡಗಡೆಯ ಅಂಚು ಹಾಗೆಯೇ ಉಳಿಯಿತು.

“ಇನ್ನ ನೀಲೀನ ಹೊಡಸಬೇಕಾತು,” ಎಂದರು ಮೆಲ್ಲಗೆ.

“ಅವ್ವನ್ನ ಒಂದು ಮಾತು ಕೇಳೂಣ್ರಿ,” ಎಂದೆ. ಆ ವಾರ ನಾನು ಆಡಿದ ಅತಿ ಉದ್ದದ ಮಾತು ಅದೇ ಇರಬೇಕು.

ಮರುದಿನ ಅಕ್ಕಲಕೋಟೆಗೆ ಹೋದೆವು. ರೂಲು ಡಿಕ್ಕಿಯಲ್ಲೇ ಇತ್ತು. ಅವ್ವ ಹೊರಗೆ ಬಂದು ಕಾರನ್ನು ಸುತ್ತಿದಳು, ಬಲಗಡೆ ನಿಂತಳು.

“ಇದೇನು?”

ಹೇಳಿದೆ. ಹೇಳುವಾಗ ಅಳು ಬರಬಹುದೆಂದುಕೊಂಡಿದ್ದೆ. ಬೇರೆಯವರ ಮನೆಯ ಸುದ್ದಿ ಹೇಳಿದಂತಾಯಿತು.

“ಕುದಿನೀರಾಗ ಹೊಸಾ ಟಾವೆಲ್ಲಾ? ಟಾವೆಲ್ ಮಾರವರ ಮನಿ ಸೊಸಿ ಆಗಿ?” ಅವ್ವನ ಬಾಯಿಯ ಒಂದು ಅಂಚು ಮಾತ್ರ ಅಲುಗಿತು. ಆಮೇಲೆ ಬಗ್ಗಿ ಮಡಚಿದ ಅಂಚಿನ ಗುಂಟ ಉಗುರು ಆಡಿಸಿದಳು. “ಒಡದಿಲ್ಲಲ್ಲ?”

“ಇಲ್ರಿ ಅತ್ತಿ,” ಎಂದರು ಯಜಮಾನರು.

“ಮತ್ತ ಕೆಳಗ ಅವರು ಒರಸಿದ್ದ ಬಣ್ಣ ಐತಲ್ಲ. ಇರಲಿ. ನೀಲಿ ಗೀಲಿ ಬ್ಯಾಡ. ಆ ಕಡೀದು ಯಾಕ ಬಿಟ್ಟೀರಿ?”

ಉತ್ತರಕ್ಕೆ ಕಾಯದೆ ಒಳಗೆ ಹೋಗಿ ಅಪ್ಪನ ಒಂದು ಧೋತರ ತಂದಳು. ಎಷ್ಟೋ ವರ್ಷ ಒಗೆದು ತೆಳ್ಳಗಾದದ್ದು, ಬರೀ ಬಿಳಿ. “ಇದರಾಗ ಬಿಡಾಕ ಏನೂ ಉಳದಿಲ್ಲ. ನಾಕು ತುಂಡು ಸಾಕೇನ್ರಿ?”

“ಸಾಕ್ರಿ,” ಎಂದರು ಯಜಮಾನರು, ನೆಲ ನೋಡುತ್ತ.

ಅವ್ವ ಧೋತರದ ಅಂಚನ್ನು ಹಲ್ಲಿನಲ್ಲಿ ಕಚ್ಚಿ, ಎರಡೂ ಕೈಯಿಂದ ಜಗ್ಗಿದಳು. ಬಟ್ಟೆ ಉದ್ದಕ್ಕೆ ಹರಿಯಿತು. ನಾನು ನೀರು ಕಾಸಲು ಬಚ್ಚಲಿಗೆ ಹೋದೆ.