ಗಾಳಿ ಬೀಸದ ತಾಸುಗಳು

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ರಾಣೆಬೆನ್ನೂರಿನಿಂದ ಗುತ್ತಲಕ್ಕೆ ಹೋಗುವ ದಾರಿಯಲ್ಲಿ ನನ್ನ ಅಕ್ಕನನ್ನು ಕೊಟ್ಟ ಹಳ್ಳಿ. ಅದರ ಪಡುವಲಿಗೆ ಒಂದು ಕಾರ್ಖಾನೆ ಬರುವುದಿತ್ತು. ಚಿಮಣಿಯ ಹೊಗೆ ಎಲ್ಲಿ ಬೀಳುತ್ತದೆಂದು ಕಂಪ್ಯೂಟರಿನಲ್ಲಿ ಮೊದಲೇ ಲೆಕ್ಕ ಹಾಕುತ್ತಿದ್ದರು. ಅದಕ್ಕೆ ಬೇಕಾದ ಗಾಳಿಯ ವೇಗ, ದಿಕ್ಕನ್ನು ತಾಸಿಗೊಮ್ಮೆ ಬರೆದುಕೊಡುವುದು ನನ್ನ ಕೆಲಸ. ಶಾಲೆಯ ಮಾಳಿಗೆಯ ಮೇಲೆ ಗಾಳಿಗೆ ಬಟ್ಟಲು ತಿರುಗುವ ಉಪಕರಣ ಕೂರಿಸಿ, ಚಳಿಗಾಲ ಪೂರ್ತಿ ಅಕ್ಕನ ಮನೆಯಲ್ಲೇ ಉಳಿದೆ.

ನಸುಕಿನಿಂದ ಬಿಸಿಲೇರುವವರೆಗೆ ಉಪಕರಣದ ಬಟ್ಟಲುಗಳು ತಿರುಗುತ್ತಲೇ ಇರಲಿಲ್ಲ. ಅದೇ ಹೊತ್ತಿಗೆ ಅಕ್ಕನ ಮನೆಯವರು ಕಣದಲ್ಲಿ ಜೋಳ ತೂರಲು ಮೊರ ಹಿಡಿದು ಕಾಯುತ್ತಿದ್ದರು.

"ಏ ಗಾಳಿ ಸಾಹೇಬ, ನಿನ್ನ ಗಾಳಿ ಒಂದೀಟ ಇತ್ತಾಗ ಕಳಸೋ," ಎಂದು ಭಾವ ಚೇಷ್ಟೆ ಮಾಡುತ್ತಿದ್ದ. ನಾನೂ ನಕ್ಕು, ಅವರೊಂದಿಗೆ ಚಹಾ ಕುಡಿದು, ಹಾಳೆಯಲ್ಲಿ ಸೊನ್ನೆ ಬರೆಯುತ್ತಿದ್ದೆ.

ಹಾವೇರಿಯ ಕಚೇರಿಯಲ್ಲಿ ಹೊಗೆಯ ಲೆಕ್ಕ ಹಾಕುವ ಎಂಜಿನಿಯರು ನನ್ನ ಹಾಳೆ ತಿರುವಿ ಬೈದರು. "ಇಷ್ಟ ಸೊನ್ನಿ ಕೊಟ್ರ ಹೆಂಗೋ? ಲೆಕ್ಕದಾಗ ಗಾಳಿ ವೇಗದಿಂದ ಭಾಗಿಸಬೇಕು. ಸೊನ್ನಿ ಬಂದ್ರ ನಡಿಯಂಗಿಲ್ಲ. ಒಂದು ಅಂತ ಬರಿ. ದಿಕ್ಕು ಹಿಂದಿನ ಸಂಜಿದ ಹಾಕು."

ಸಂಜೆ ಬೀಸುತ್ತಿದ್ದುದು ಮೂಡಣ ಗಾಳಿ, ಹೊಗೆಯನ್ನು ಊರಿನಿಂದ ಆಚೆಗೆ ಒಯ್ಯುವ ಗಾಳಿ. ಒಂದು ಮಧ್ಯಾಹ್ನ ಕೂತು ಎಲ್ಲ ಸೊನ್ನೆಗಳನ್ನೂ ತಿದ್ದಿದೆ. ಏನು ಮಾಡುತ್ತಿದ್ದೇನೆಂದು ತಿಳಿದಿರಲಿಲ್ಲ ಎನ್ನಲಾರೆ. ಅರ್ಧ ತಿಳಿದಿತ್ತು.

ಜನರ ಅಹವಾಲು ಕೇಳುವ ಸಭೆಯಲ್ಲಿ ನಕಾಶೆ ತೂಗುಹಾಕಿದ್ದರು. ಹೊಗೆ ಬೀಳುವ ಜಾಗ ತೋರಿಸುವ ಬಣ್ಣ ಪಡುವಲ ಬೀಳು ನೆಲದ ಮೇಲೆ ಮಾತ್ರ ಇತ್ತು. ಅಕ್ಕ ಎದ್ದು ನಿಂತಳು. ಅವಳ ಐದು ವರ್ಷದ ಮಗಳಿಗೆ ಹುಟ್ಟಿನಿಂದ ಉಬ್ಬಸ.

"ನಸುಕಿನ್ಯಾಗ ನಮ್ಮಲ್ಲಿ ಗಾಳಿನ ಇರಂಗಿಲ್ರೀ. ಆವಾಗ ಹೊಗಿ ಎತ್ತಾಗ ಹೋಗತೈತ್ರಿ?"

ಎಂಜಿನಿಯರು ಹಾಳೆಗಳ ಕಟ್ಟು ಎತ್ತಿ ತೋರಿಸಿದರು. "ತಾಸ ತಾಸಿಗೂ ಗಾಳಿ ಐತೆವ್ವಾ. ನಿಮ್ಮ ತಮ್ಮನ ಬರದಾನ."

ಅಕ್ಕ ನನ್ನತ್ತ ನೋಡಿದಳು. ನಾನು ತಲೆ ಎತ್ತಲಿಲ್ಲ.

"ಅವ ಬರದಾನಂದ್ರ ಖರೇ ಇರತೈತಿ ಬಿಡ್ರಿ," ಎಂದು ಕುಳಿತಳು. ಅವಳ ಹಿಂದೆ ಕೂತು ಕೈ ಎತ್ತಿದ್ದವರೂ ಇಳಿಸಿದರು.

ಕಾರ್ಖಾನೆ ಶುರುವಾದ ಮೊದಲ ಚಳಿಗಾಲ. ನಸುಕಿನಲ್ಲಿ ಹೊಗೆ ಊರ ಮೇಲೆ ಕೂತರೆ ಬಿಸಿಲೇರುವವರೆಗೆ ಏಳುತ್ತಿರಲಿಲ್ಲ. ಮಗುವನ್ನು ಎರಡು ಸಲ ರಾಣೆಬೆನ್ನೂರಿನ ಆಸ್ಪತ್ರೆಗೆ ಒಯ್ದೆವು. ಎರಡನೆಯ ಸಲ ಅವಳ ತುಟಿ ನೀಲಿಯಾಗಿತ್ತು. ಮೊದಲು ಬರೆದ ಸೊನ್ನೆಗಳು ಹಾಗೇ ಉಳಿದಿದ್ದ ನನ್ನ ಕಚ್ಚಾ ವಹಿಯನ್ನು ಹಿಡಿದು ಹಾವೇರಿಗೆ ಓಡಿದೆ. ಎಂಜಿನಿಯರು ಅದನ್ನು ಮುಟ್ಟಲೂ ಇಲ್ಲ. "ಪರವಾನಿಗಿ ಆಗಿ ಹೋಗೇತಿ. ತಿದ್ದಿದ್ದು ಯಾರ ಕೈ ಅಕ್ಷರ, ನೋಡಿಕೋ."

ಮರಳಿ ಬಂದು ಆಸ್ಪತ್ರೆಯ ಬೆಂಚಿನ ಮೇಲೆ ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಕೇಳಿದಳು.

"ನೀ ಅದನ್ನ ತಿದ್ದದ ಇದ್ದಿದ್ರ ಚಿಮಣಿ ಬರತಿದ್ದಿಲ್ಲೇನು?"

"ಗೊತ್ತಿಲ್ಲಕ್ಕ."

ಅದು ನಿಜ. ಇಂದಿಗೂ ಗೊತ್ತಿಲ್ಲ.

ಮಗುವನ್ನು ಬ್ಯಾಡಗಿಯಲ್ಲಿರುವ ನಾದಿನಿಯ ಮನೆಯಲ್ಲಿ ಬಿಡುವುದಾಗಿ ಹೇಳಿದಳು. ಆ ಮನೆ ಮೆಣಸಿನಕಾಯಿ ಪೇಟೆಯ ಬೆನ್ನಿಗೇ ಇತ್ತು.

"ಅಲ್ಲಿ ಘಾಟು ಐತಲ್ಲಕ್ಕ," ಎಂದೆ.

"ಮತ್ತೆಲ್ಲಿ ಒಯ್ಯಲಿ?"

ಬಸ್ ನಿಲ್ದಾಣದವರೆಗೆ ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿದೆ. ಅಕ್ಕ ಕೊಡಲಿಲ್ಲ.